ಹಂದಿ ಕಾಯುವ ಮಗ್ಗಿ

ಗೋವಿನಜೋಳದ ಹೊಲದಲ್ಲಿ ಬಿದಿರಿನ ಗಳಕ್ಕೆ ನನ್ನನ್ನು ಕಟ್ಟಿದ್ದಾರೆ. ನಾನು ಹುಟ್ಟಿದ್ದು ಇದಕ್ಕಲ್ಲ. ನಾನೊಂದು ನೀಲಿ ಪ್ಲಾಸ್ಟಿಕ್ಕಿನ ಮಾತಿನ ಪೆಟ್ಟಿಗೆ. ಒಂದು ಗುಂಡಿ ಒತ್ತಿದರೆ ಪಾಠ ಹೇಳುತ್ತೇನೆ. ಇನ್ನೊಂದು ಒತ್ತಿದರೆ ಕೇಳಿದ ಮಾತನ್ನು ಹಿಡಿದಿಡುತ್ತೇನೆ. ಕುರಿಗಳ ಹಿಂದೆ ಊರೂರು ಅಲೆಯುವವರ ಮಕ್ಕಳಿಗೆ ಪಾಠ ಮುಟ್ಟಿಸಲು ನನ್ನಂಥವರನ್ನು ಮಾಡಿದರು.

ನನ್ನೊಳಗೆ ಮೊದಲು ಸೇರಿದ್ದು ಶಾಲೆಯ ಶಕುಂತಲಾ ಅಕ್ಕೋರ ದನಿ. ಅವರಿಗೆ ತಾಲೂಕಿನ ಊರಲ್ಲಿ, ಫ್ಯಾನಿನ ಕೆಳಗೆ ತರಬೇತಿ ನಡೆದಿತ್ತು. "ಮಕ್ಕಳು ಮುಂದ ಕುಂತಾವಂತ ತಿಳಕೊಂಡು ಮಾತಾಡ್ರಿ" ಎಂದರು ಕಲಿಸುವವರು. ಈ ಮಕ್ಕಳು ಕೂರುವುದಿಲ್ಲ, ನಡೆಯುತ್ತಾರೆ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಅಕ್ಕೋರು ಖಾಲಿ ಕುರ್ಚಿಗಳನ್ನು ನೋಡುತ್ತ, "ಹದಿಮೂರರ ಮಗ್ಗಿಯನ್ನು ಮನೆಯ ಗೋಡೆಯ ಮೇಲೆ ಬರೆದು ಓದಿರಿ" ಎಂದರು.

ನಾನು ಕೈ ಸೇರಿದ್ದು ಕುರಿಗಾರ ಮಾಳಪ್ಪನ ಮಗಳು ಲಗಮವ್ವನಿಗೆ. ಮಳೆಗಾಲಕ್ಕೆ ಊರಿಗೆ ಮರಳಿದಾಗ, ಎಲ್ಲ ಪಾಠವನ್ನೂ ಅವಳ ದನಿಯಲ್ಲಿ ತುಂಬಿಕೊಂಡು ನಾನು ಶಾಲೆಗೆ ಹೋಗಬೇಕು. ಹಾಗಾದರೆ ಅವಳಿಗೆ ಹಾಸ್ಟೆಲಿನಲ್ಲಿ ಆರನೇ ಇಯತ್ತೆಯ ಸೀಟು. ಇಲ್ಲದಿದ್ದರೆ ಕುರಿ.

ಗೋಡೆಯ ಪಾಠ ಬಂದಾಗ ಅವಳು ನಕ್ಕಳು. ಕುರಿಗಳಿಗೆ ಗುರುತು ಹಾಕುವ ಕೆಮ್ಮಣ್ಣು ಕಲಸಿ, ಒಂದೊಂದರ ಮೈಮೇಲೆ ಮಗ್ಗಿಯ ಒಂದೊಂದು ಉತ್ತರ ಬರೆದಳು. ಆಮೇಲೆ ಗುಂಡಿ ಒತ್ತಿ ಹೇಳಿದಳು: "ಅಕ್ಕೋರ, ನಮಗ ಗ್ವಾಡಿ ಇಲ್ರಿ. ಕುರಿ ಮ್ಯಾಲ ಬರದೀನಿ. ಹದಿಮೂರೊಂದಲೆ ಹದಿಮೂರು, ಹದಿಮೂರೆರಡಲೆ ಇಪ್ಪತ್ತಾರು..." ಏಳಕ್ಕೆ ಬಂದು ನಿಂತಳು. "ತೊಂಬತ್ತೊಂದು ಹಳ್ಳಕ್ಕ ಹೋಗೇತ್ರಿ. ತಡೀರಿ, ಹಿಡಕೊಂಡ ಬರ್ತೀನಿ." ಅವಳ ಓಟ, ಬೈಗುಳ, ಏದುಸಿರು, ಉಳಿದ ಮಗ್ಗಿ ಎಲ್ಲವೂ ನನ್ನೊಳಗಿವೆ.

ಒಂದು ಸಂಜೆ ಮರಿಗಳನ್ನು ಕೂಡಿಹಾಕಿದ ಬಲೆಯ ಹತ್ತಿರ ತೋಳ ಬಂತು. ನಾನು ಗಟ್ಟಿಯಾಗಿ ಪಾಠ ಹೇಳುತ್ತಿದ್ದೆ. ತೋಳ ನಿಂತು, ಕೇಳಿ, ತಿರುಗಿ ಹೋಯಿತು.

"ನಿಮ್ಮ ಅಕ್ಕೋರು ನಮ್ಮ ನಾಯಿಗಿಂತ ಚಲೋ ಅದಾರಲ್ಲ" ಎಂದ ಮಾಳಪ್ಪ. ಅಂದಿನಿಂದ ದಿನಾ ಸಂಜೆ ನನ್ನನ್ನು ಬಲೆಗೆ ಕಟ್ಟಿದ. ಬೆಳಿಗ್ಗೆ ಲಗಮವ್ವನಿಗೆ ನನ್ನಲ್ಲಿ ಉಸಿರು ಉಳಿಯುತ್ತಿರಲಿಲ್ಲ. ಯಾರದೋ ಪಂಪ್‌ಸೆಟ್ಟಿನ ಕೋಣೆಯಲ್ಲಿ ಚಾರ್ಜಿಗೆ ಹಾಕಿ, ನಾನು ತುಂಬುವವರೆಗೆ ಹಿಂದೆ ಉಳಿದು, ಆಮೇಲೆ ಓಡಿ ಮಂದೆ ಸೇರುತ್ತಿದ್ದಳು. ಹಾಗೇ ಎಲ್ಲ ಪಾಠ ಮುಗಿಸಿದಳು.

ಬೇಸಿಗೆ ಕೆಟ್ಟದಾಗಿತ್ತು. ಕಲಘಟಗಿ ಕಡೆಯ ಕಾಡಂಚಿಗೆ ಬರುವಷ್ಟರಲ್ಲಿ ಮೇವಿಲ್ಲದೆ ಮರಿಗಳು ಬೀಳತೊಡಗಿದವು. ಅಲ್ಲಿನ ರೈತ ಈರನಗೌಡನಿಗೆ ಕಾಡುಹಂದಿಗಳ ಕಾಟ. ನಾನು ತೋಳ ಓಡಿಸಿದ್ದು ಕೇಳಿ ಅವನು ಮಾಳಪ್ಪನಿಗೆ, "ಈ ಪೆಟ್ಟಿಗಿ ನನಗ ಕೊಡೋ. ಮಳಿ ಬರೂತನಕ ನನ್ನ ಬೋರಿನ ಹೊಲದಾಗ ಮೇಯಿಸ್ಕೊ" ಎಂದ.

ಲಗಮವ್ವ ನನ್ನನ್ನು ಎದೆಗೆ ಒತ್ತಿಕೊಂಡಳು. "ಅಪ್ಪಾ, ಅದರಾಗ ನನ್ನ ಮಾತದಾವ."

"ಮಾತು ಬಾಯಾಗ ಇರ್ತಾವ ಹುಚ್ಚಿ, ಡಬ್ಬ್ಯಾಗ ಇರೂದಿಲ್ಲ. ಅಕ್ಕೋರ ಮುಂದ ನಿಂತು ಮತ್ತ ಹೇಳೀಯಂತ."

ಮಾಳಪ್ಪ ಮೋಸದ ಮಾತಾಡಲಿಲ್ಲ, ನಂಬಿಯೇ ಹೇಳಿದ. ದೇವರ ಹಾಡು, ಹಿರೀಕರ ಹೆಸರು, ಕುರಿಯ ರೋಗ, ಮದ್ದು ಎಲ್ಲವನ್ನೂ ಬಾಯಲ್ಲೇ ಇಟ್ಟುಕೊಂಡ ಜನ ಅವರು. ಅವಳ ಕೈಬೆರಳು ಒಂದೊಂದಾಗಿ ಬಿಡಿಸಿ ನನ್ನನ್ನು ಕೊಟ್ಟ. ಮರಿಗಳು ಬದುಕಿದವು.

ಮುಂದಿನ ಚಳಿಗಾಲ ಅದೇ ಮಂದೆ ಮತ್ತೆ ಬಂತು. ಲಗಮವ್ವ ಹೆಗಲ ಮೇಲೆ ಮರಿ ಹೊತ್ತಿದ್ದಳು.

"ಹುಡುಗಿ ಸಾಲಿಗೆ ಹೋಗಲಿಲ್ಲೇನು?" ಎಂದ ಈರನಗೌಡ.

"ಸಾಲ್ಯಾಗ ಪೆಟ್ಟಿಗಿ ಎಲ್ಲಿ ಅಂದ್ರು. ಇಲ್ಲ ಅಂದ್ವಿ. ಹುಡುಗಿ ಬಾಯಿಲೆ ಹೇಳ್ತಾಳ, ಕೇಳ್ರಿ ಅಂತ ಅಕ್ಕೋರು ಭಾಳ ಜಗಳಾಡಿದ್ರು. ಮ್ಯಾಲಿನವರು ಕೇಳಲಿಲ್ಲ" ಎಂದ ಮಾಳಪ್ಪ.

"ನಿಮ್ಮ ಅಕ್ಕೋರ ದನಿ ಹಂದಿಗೆ ರೂಢಿ ಆಗೇತಿ, ಈಗ ಹೆದರೂದಿಲ್ಲ. ಈಕಿ ದನಿಗೆ ಮಾತ್ರ ಇನ್ನೂ ಓಡ್ತಾವ ನೋಡು" ಎಂದು ಅವನು ಗುಂಡಿ ಒತ್ತಿದ.

ಲಗಮವ್ವನ ದನಿಯಲ್ಲಿ ನಾನು ಮಗ್ಗಿ ಶುರು ಮಾಡಿದೆ. ಗಳದ ಕೆಳಗೆ ನಿಂತು ಅವಳೂ ನನ್ನ ಜೊತೆ ತುಟಿ ಆಡಿಸಿದಳು. ಐದಕ್ಕೆ ಅರವತ್ತೈದು ಎಂದಳು. ಆರಕ್ಕೆ ತಡವರಿಸಿದಳು. ಏಳಕ್ಕೆ ನಾನು ಮುಂದೆ ಹೋದೆ, ಅವಳು ನಿಂತೇಬಿಟ್ಟಳು.

"ಮುಂದ?" ಎಂದ ಮಾಳಪ್ಪ.

"ಬರವಲ್ದು ಅಪ್ಪಾ."

ಅವನು ಮಗಳ ಬಾಯಿಯನ್ನೇ ನೋಡಿದ. ಆಮೇಲೆ ಕಂಬಳಿ ಹೆಗಲಿಗೆ ಹಾಕಿ, ಕುರಿಗಳಿಗೆ ಸಿಳ್ಳೆ ಹೊಡೆದು ಮುಂದೆ ನಡೆದ. ಅವಳು ಹಿಂದೆ ಹೋದಳು.

ಮಳೆಗೆ ನನ್ನ ಮೈ ಬಿರಿದಿದೆ. ಅಕ್ಕೋರ ದನಿ ಗೊಗ್ಗರಾಗಿದೆ, ಇವಳದೂ ಒಂದು ದಿನ ಹಾಗೇ ಆಗುತ್ತದೆ. ಅಲ್ಲಿಯವರೆಗೆ ದಿನಾ ಹಂದಿಗಳಿಗೆ ಮಗ್ಗಿ ಪೂರ್ತಿ ಹೇಳುತ್ತೇನೆ. ಹದಿಮೂರ್ಹತ್ತಲೆ ಬರುವ ಹೊತ್ತಿಗೆ ಕೇಳಲು ಹೊಲದಲ್ಲಿ ಯಾರೂ ಇರುವುದಿಲ್ಲ.