ತಂಗಿಯ ಹಲ್ಲಿನ ಸಂದು

"ಇದೇನೋ ಉಳಿ, ನಿನ್ನ ತಂಗಿ ಹಲ್ಲು ನೋಡ್ಕೊಂಡು ಜೋಡಿಸಿದ್ದೀಯಾ?"

ಮೇಸ್ತ್ರಿ ಮೇಜಿನ ಖಾನೆಯನ್ನು ಬೆಳಕಿಗೆ ಹಿಡಿದು, ಮೂಲೆಯಲ್ಲಿ ಬಿಟ್ಟಿದ್ದ ಸಂದಿಗೆ ಉಗುರು ತೂರಿಸಿ ತೋರಿಸಿದ. ಮರಗೆಲಸದ ಶೆಡ್ಡಿನಲ್ಲಿದ್ದ ಆರೂ ಜನ ಗೊಳ್ಳೆಂದರು. ಅಣ್ಣನಿಗೆ ಊಟ ತಂದಿದ್ದ ತಂಗಿ ಬಾಗಿಲಲ್ಲೇ ನಿಂತಿದ್ದಳು. ಡಬ್ಬಿಯನ್ನು ಮರದ ಹೊಟ್ಟಿನ ಮೇಲಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ಹೊರಟುಹೋದಳು.

ಮೂಗಿನ ತುದಿಯಲ್ಲೇ ಸಿಟ್ಟಿದ್ದವನಿಗೆ ಉಳಿ ಎಂದು ಹೆಸರಿಟ್ಟವರು ಅವರೇ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಬಂದವನಿಗೆ ಆ ಶೆಡ್ಡು ಕಲಿಸಿದ್ದು ಒಂದೇ ಪಾಠ: ಸಂದು ಕಂಡರೆ ಕೆಲಸ ಕೆಟ್ಟಿದೆ, ಬಿಚ್ಚು, ಮತ್ತೆ ಬಿಗಿ ಮಾಡು.

ತಂಗಿಗೆ ಹದಿಮೂರು. ಮೇಲ್ದವಡೆ ತೀರಾ ಕಿರಿದು. ಹಲ್ಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು, ಅಗಿಯುವುದೇ ಕಷ್ಟವಾಗಿತ್ತು. ದಂತವೈದ್ಯೆ ಅವಳ ಅಂಗುಳಿಗೆ ಅಡ್ಡಲಾಗಿ, ನಡುವೆ ತಿರುಪು ಇರುವ ಲೋಹದ ಪಟ್ಟಿಯೊಂದನ್ನು ಕೂರಿಸಿದ್ದರು. ದಿನಕ್ಕೊಮ್ಮೆ ಪುಟ್ಟ ಕೀಲಿಯಿಂದ ಮುಂದಿನಿಂದ ಹಿಂದಕ್ಕೆ ಕಾಲು ಸುತ್ತು ತಿರುಗಿಸಬೇಕು. ಅಮ್ಮನ ಕೈ ನಡುಗುತ್ತಿದ್ದುದರಿಂದ ಆ ಕೆಲಸ ಅಣ್ಣನ ಪಾಲಿಗೆ ಬಂದಿತ್ತು. ಎರಡು ವಾರದಲ್ಲಿ ಮುಂದಿನ ಹಲ್ಲುಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಜಾಗ ಬಿಟ್ಟಿತ್ತು.

ಅವತ್ತು ಸಂಜೆ ಅವನು ಕೀಲಿಯನ್ನು ಹಿಂದಿನಿಂದ ಮುಂದಕ್ಕೆ ಎಳೆದ.

"ಅಣ್ಣಾ, ಉಲ್ಟಾ ಆಯ್ತು."

"ಗೊತ್ತು. ಬಾಯಿ ತೆಗಿ."

"ಸಂದು ಬರ್ಬೇಕಂತೆ. ಮೂಳೆ ಅಗಲ ಆಗ್ತಿರೋದಕ್ಕೆ ಅದೇ ಗುರುತು, ಆಮೇಲೆ ತಾನಾಗೇ ಮುಚ್ಕೊಳ್ಳುತ್ತೆ ಅಂತ ಡಾಕ್ಟ್ರು ಹೇಳಿದ್ರು."

"ಹೇಳ್ತಾರೆ. ಆಡ್ಕೊಳ್ಳೋರ ಬಾಯಿಗೆ ಅವರು ಬಂದು ಬೀಗ ಹಾಕ್ತಾರಾ?"

ಒಲೆಯ ಬಳಿಯಿಂದ ಅಮ್ಮ ಹೇಳಿದಳು, "ಡಾಕ್ಟ್ರನ್ನ ಒಂದು ಮಾತು ಕೇಳ್ಬಾರ್ದೇನೋ? ಬಾಯಿ ಅವಳದ್ದು, ಸಿಟ್ಟು ನಿಂದು."

"ಸಂದು ನೋಡಿದ್ರೆ ನಂಗೆ ಗೊತ್ತಾಗಲ್ವಾ ಅಮ್ಮಾ? ದಿನಾ ಅದೇ ತಾನೆ ನನ್ನ ಕೆಲಸ."

ವೈದ್ಯೆ ಎಲ್ಲವನ್ನೂ ಬಿಡಿಸಿ ಹೇಳಿದ ದಿನ, ಹೊಟ್ಟು ಮೆತ್ತಿದ ಅಂಗಿಯಲ್ಲಿ ಒಳಗೆ ಹೋಗಲು ನಾಚಿ ಅವನು ಮೆಟ್ಟಿಲ ಮೇಲೆ ಕೂತಿದ್ದ.

ತಂಗಿ ಬಾಯಿ ತೆರೆದಳು. ಅವನು ದಿನವೂ ಹಾಗೇ ಉಲ್ಟಾ ತಿರುಗಿಸಿದ, ಹತ್ತು ದಿನಗಳಲ್ಲಿ ಹಲ್ಲುಗಳು ಕೂಡಿಕೊಂಡವು. ಕೆಲಸದ ನೆಪ ಹೇಳಿ ಅವನು ನಾಲ್ಕು ತಿಂಗಳು ತಪಾಸಣೆ ತಪ್ಪಿಸಿದ. ಅವಳಿಗೆ ಅಗಿಯುವ ಕಷ್ಟ ಮಾತ್ರ ಮೊದಲಿನಂತೆಯೇ ಉಳಿಯಿತು. ಕೊನೆಗೆ ಅಮ್ಮ ಹಟ ಹಿಡಿದು ಇಬ್ಬರನ್ನೂ ಕಳಿಸಿದಳು.

ವೈದ್ಯೆ ಪುಟ್ಟ ಕನ್ನಡಿ ಹಿಡಿದು ನೋಡಿದರು. "ತಿರುಪು ಹಿಂದೆ ಬಂದಿದೆಯಲ್ಲ. ಯಾರು ತಿರುಗಿಸಿದ್ದು?"

"ತಾನಾಗೇ ಸಡಿಲ ಆಯ್ತು ಡಾಕ್ಟ್ರೇ" ಎಂದಳು ತಂಗಿ.

"ತಾನಾಗೇ ಇಷ್ಟೊಂದು ಬರಲ್ಲ, ಮಗು."

"ನಾನೇ ತಿರುಗಿಸಿದ್ದು" ಎಂದ ಅವನು. "ಕೆಟ್ಟುಹೋಯ್ತು ಅಂದ್ಕೊಂಡೆ."

ವೈದ್ಯೆ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅಂಗುಳಿನ ನಡುವೆ ಎರಡು ಮೂಳೆ ಸೇರೋ ಗೆರೆ ಇದೆ. ಚಿಕ್ಕ ವಯಸ್ಸಲ್ಲಿ ಎಳೆದ್ರೆ ಬಿಟ್ಕೊಳ್ಳುತ್ತೆ, ಬೆಳೀತಾ ಬೆಳೀತಾ ಗಟ್ಟಿಯಾಗುತ್ತೆ. ಬಿಟ್ಟಿದ್ದ ಜಾಗ ಈಗ ಕೂಡಿಕೊಂಡಿದೆ. ಮೊದಲಿಂದ ಶುರು ಮಾಡಬೇಕು. ನೋವು ಹೋದ ಸಲಕ್ಕಿಂತ ಜಾಸ್ತಿ ಇರಬಹುದು. ಈ ಸಲ ಆ ಗೆರೆ ಬಿಟ್ಕೊಳ್ಳಲಿಲ್ಲ ಅಂದ್ರೆ ದೊಡ್ಡವಳಾದ ಮೇಲೆ ಆಪರೇಷನ್ನೇ ದಾರಿ."

ಎರಡು ವಾರ ಅವಳು ದಿಂಬು ಕಚ್ಚಿ ಸಹಿಸಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ವೈದ್ಯೆ ಕೀಲಿಯನ್ನು ಅವನತ್ತ ಚಾಚಿದರು. ಅವನು ಕೈ ನೀಡಲಿಲ್ಲ.

"ಅವಳ ಕೈಗೇ ಕೊಡಿ. ಅವಳು ಯಾವಾಗ ಅಂತಾಳೋ ಆವಾಗ, ಅವಳು ಹೇಳಿದಷ್ಟೇ ತಿರುಗಿಸ್ತೀನಿ."

ಬೀದಿಯಲ್ಲಿ ಸ್ವಲ್ಪ ದೂರ ಇಬ್ಬರೂ ನಡೆದರು. ಆಮೇಲೆ ತಂಗಿ ನಿಂತು ಕೇಳಿದಳು.

"ಅಣ್ಣಾ, ಅವತ್ತು ಅವರೆಲ್ಲ ನಕ್ಕಾಗ ನಿಂಗೆ ಅವಮಾನ ಆಗಿದ್ದು ನನಗೋಸ್ಕರನಾ, ನಿನಗೋಸ್ಕರನಾ?"

ಅವನು ತಲೆ ತಗ್ಗಿಸಿ ಮುಂದೆ ನಡೆದ.