ರೇಮಂಡ್ ಅಂಕಲ್‌ಗೆ ದಾರಿ ಕೊಡದ ವೆಬ್‌ಸೈಟ್

ರೇಮಂಡ್ ಅಂಕಲ್ ಜೆಪ್ಪುವಿನಿಂದ ರಿಕ್ಷಾ ಹಿಡಿದು, ಅತ್ತಾವರದ ಫಿಸಿಯೋಥೆರಪಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಮತ್ತೆ ಬಂದಿದ್ದರು. ಅವರಿಗೆ ಕಣ್ಣು ಕಾಣುವುದಿಲ್ಲ. ಬಂದದ್ದು ಹೆಂಡತಿಯ ಸೊಂಟದ ಚಿಕಿತ್ಸೆಗೆ ದಿನ ಗೊತ್ತು ಮಾಡಲಿಕ್ಕೆ ಮಾತ್ರ. ಅಷ್ಟು ಹೊತ್ತು ಎಸ್ತೆರ್ ಆಂಟಿ ಮನೆಯಲ್ಲಿ ಒಬ್ಬರೇ, ಹಾಸಿಗೆಯಲ್ಲಿ.

“ವೆಬ್‌ಸೈಟಲ್ಲಿ ಬುಕ್ ಮಾಡ್ಬಹುದಲ್ಲ ಅಂಕಲ್?” ಎಂದಳು ನತಾಶಾ. ಕ್ಲಿನಿಕ್ಕಿನ ವೆಬ್‌ಸೈಟ್ ನೋಡಿಕೊಳ್ಳುವವಳು ಅವಳೇ.

“ಪರದೆಯಲ್ಲಿ ಇರುದನ್ನು ನನ್ನ ಫೋನ್ ಓದಿ ಹೇಳ್ತದೆ. ಆದ್ರೆ ನಿಮ್ಮ ಸೈಟಲ್ಲಿ ‘ಬಟನ್, ಬಟನ್’ ಅಂತ ಮಾತ್ರ ಹೇಳುದು. ಯಾವುದು ಎಂತ ಬಟನ್ ಅಂತ ಹೇಗೆ ಗೊತ್ತಾಗ್ಬೇಕು?”

ಸಂಜೆ ನತಾಶಾ ಕೊಡಿಯಾಲ್‌ಬೈಲಿನ ಗೆಳತಿ ಮನ್ವಿತಾಳ ಆಫೀಸಿಗೆ ಹೋದಳು. ವೆಬ್‌ಸೈಟ್ ಮಾಡುವುದೇ ಮನ್ವಿತಾಳ ಕೆಲಸ.

“ಅಂಗವಿಕಲರಿಗೆ ಸೈಟ್ ಬಳಸ್ಲಿಕ್ಕೆ ಆಗ್ತದಾ ಅಂತ ಪರೀಕ್ಷೆ ಮಾಡುವ ಸ್ಕ್ಯಾನರ್ ಹಾಕಿದ್ದೇನೆ. ತಪ್ಪು ಸೊನ್ನೆ. ನೋಡು!” ಎಂದು ನತಾಶಾ ಕ್ಲಿನಿಕ್ಕಿನ ಸೈಟ್ ತೆರೆದು ತೋರಿಸಿದಳು.

“ಸ್ಕ್ಯಾನ್ ಮುಗಿಯಲೇ ಇಲ್ಲ ಮಾರಾಯ್ತಿ. ಅರ್ಧದಲ್ಲೇ ನಿಂತಿದೆ. ಬೇರೆ ಯಾವುದೋ ಪ್ಲಗಿನ್ ತಡೀತಾ ಇರ್ಬೇಕು,” ಎಂದಳು ಮನ್ವಿತಾ.

ಪ್ಲಗಿನ್ ಎಂದರೆ ಸೈಟಿಗೆ ನಾವು ಸೇರಿಸುವ ಹೆಚ್ಚಿನ ಸೌಲಭ್ಯ. ಆ ಸ್ಕ್ಯಾನರ್ ಕೂಡ ಒಂದು ಪ್ಲಗಿನ್ನೇ.

“ಯಾವುದು ಅಂತ ತಿಳೀಲಿಕ್ಕೆ ಒಂದೊಂದೇ ಬಂದ್ ಮಾಡ್ಲಿಕ್ಕೆ ಹೋಗಿ ಸೈಟೇ ಹಾಳಾದ್ರೆ?”

“ಮೊದಲು ಬ್ಯಾಕಪ್ ತೆಗಿ. ಮತ್ತೆ ಸೈಟಿನ ಒಂದು ಪ್ರತಿ ಮಾಡುವ. ಪರೀಕ್ಷೆ ಎಲ್ಲ ಅದರಲ್ಲೇ.”

ಆ ಪ್ರತಿಯಲ್ಲಿ ಸ್ಕ್ಯಾನರ್ ಒಂದನ್ನು ಬಿಟ್ಟು ಉಳಿದ ಪ್ಲಗಿನ್‌ಗಳನ್ನೆಲ್ಲ ಬಂದ್ ಮಾಡಿದರು. ಸ್ಕ್ಯಾನ್ ಕೊನೆಯವರೆಗೂ ಓಡಿತು. ಬಳಿಕ ಒಂದೊಂದನ್ನೇ ಶುರು ಮಾಡಿ, ಪ್ರತಿ ಸಲವೂ ಸ್ಕ್ಯಾನ್ ಮಾಡಿದರು. ಐದನೆಯದಕ್ಕೆ ಸ್ಕ್ಯಾನ್ ಮತ್ತೆ ನಿಂತಿತು. ಅದು ಪುಟ ಬೇಗ ತೆರೆಯಲೆಂದು ಹಾಕಿದ ಪ್ಲಗಿನ್. ಸ್ಕ್ಯಾನರಿನ ಕೆಲಸವನ್ನೂ ತಡೆಹಿಡಿಯುತ್ತಿತ್ತು. ಅದರ ಸೆಟ್ಟಿಂಗ್‌ನಲ್ಲಿ ಸ್ಕ್ಯಾನರಿಗೆ ವಿನಾಯಿತಿ ಕೊಟ್ಟರು. ಈಗ ತಪ್ಪುಗಳು ಹೊರಬಂದವು: ಒಟ್ಟು ಹನ್ನೊಂದು. ಬುಕ್ಕಿಂಗ್ ಪುಟದ ಒಂದು ಬಟನ್ನಿಗೂ ಫೋನ್ ಓದಿ ಹೇಳುವಂಥ ಹೆಸರಿರಲಿಲ್ಲ.

ನತಾಶಾ ತಪ್ಪುಗಳ ಪಟ್ಟಿಯನ್ನು ಮತ್ತೊಮ್ಮೆ ಓದಿದಳು. “ಆರು ತಿಂಗಳಿಂದ ಅಂಕಲ್ ಮೆಟ್ಟಿಲು ಹತ್ತುತ್ತಾ ಇದ್ದಾರೆ, ಮನ್ವಿ. ನಾನು ಸೊನ್ನೆ ನೋಡಿ ಖುಷಿಪಡ್ತಾ ಇದ್ದೆ.”

“ಈಗ ಗೊತ್ತಾಯ್ತಲ್ಲ, ಸರಿ ಮಾಡುವ. ಆದ್ರೆ ಸ್ಕ್ಯಾನರ್ ಎಲ್ಲ ತಪ್ಪೂ ಹಿಡಿಯುದಿಲ್ಲ. ಕಡೆಗೆ ಅಂಕಲ್ ಹತ್ರವೇ ಕೇಳು.”

ನಿಜವಾದ ಸೈಟಿನಲ್ಲೂ ಎಲ್ಲ ಸರಿಪಡಿಸಿ ನತಾಶಾ ಮರುದಿನ ಜೆಪ್ಪುವಿಗೆ ಹೋದಳು. ಅಂಕಲ್ ಹೆಂಡತಿಯ ಮಂಚದ ಅಂಚಿನಲ್ಲಿ ಕುಳಿತು ಫೋನನ್ನು ಕಿವಿಗೆ ಹಿಡಿದರು. “ದಿನ ಆರಿಸಿ” ಎಂದಿತು ಫೋನ್. ಅವರ ಮುಖ ಅರಳಿತು.

“ಎಸ್ತೆರ್, ಗುರುವಾರ ಹತ್ತು ಗಂಟೆ ಆಗ್ಬಹುದಾ?”

“ಹನ್ನೊಂದು ಮಾಡಿ. ನನಗೆ ಸ್ನಾನ ಆಗ್ಬೇಕಲ್ಲ.”

ಅಂಕಲ್ ಒಂದು ಕೈಯಲ್ಲಿ ಹೆಂಡತಿಯ ಕೈ ಹಿಡಿದುಕೊಂಡೇ ಹನ್ನೊಂದು ಗಂಟೆಯನ್ನು ಒತ್ತಿದರು.

ನಿಮ್ಮ ಅಂಗಡಿ, ಶಾಲೆ, ಸಂಘಕ್ಕೆ ವೆಬ್‌ಸೈಟ್ ಇದೆಯೇ? ಇಂಥ ಸ್ಕ್ಯಾನರ್ ಹಾಕಿ, ಸ್ಕ್ಯಾನ್ ನಿಜಕ್ಕೂ ಮುಗಿದಿದೆಯೇ ಎಂದು ಇಂದೇ ನೋಡಿ. ನಿಂತಿದ್ದರೆ ಬ್ಯಾಕಪ್ ತೆಗೆದು, ಪ್ರತಿಯಲ್ಲಿ ಪ್ಲಗಿನ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ. ಕೊನೆಗೆ, ಕಣ್ಣು ಕಾಣದ ಒಬ್ಬರ ಪಕ್ಕ ಕುಳಿತು ಅವರ ಫೋನ್ ಏನು ಹೇಳುತ್ತದೆ ಎಂದು ನೀವೂ ಕೇಳಿ.