ಸುಗ್ಗಿಯಲ್ಲಿ ಕಂಡ ಮೈದಾನ

ರಾಯಲ್ಪಾಡಿನ ಕಹಕಶಾಗೆ ಹುಚ್ಚು ಎರಡೇ. ಒಂದು ಹುಳು, ಇನ್ನೊಂದು ಖೋಖೋ. ಹುಳುವಿನಿಂದ ಹೊಟ್ಟೆ ತುಂಬಿತು, ಹೆಸರಿನ ಮುಂದೆ ಡಾಕ್ಟರ್ ಅಂತ ಸೇರಿತು, ಕೋಲಾರದ ಹತ್ತಿರದ ಸಂಶೋಧನಾ ಕೇಂದ್ರದಲ್ಲಿ ಕೀಟ ವಿಜ್ಞಾನಿ ಎಂಬ ಕುರ್ಚಿಯೂ ಸಿಕ್ಕಿತು. ಖೋಖೋದಿಂದ ಸಿಕ್ಕಿದ್ದು ಮೊಣಕಾಲು ನೋವು. ಯಾವುದು ಹೆಚ್ಚು ಇಷ್ಟ ಅಂತ ಕೇಳಿದರೆ ಆಕೆ ಮೊಣಕಾಲು ಸವರಿಕೊಂಡು ನಗುತ್ತಿದ್ದಳು.

ಹುಳು ಹುಡುಕಿಕೊಂಡು ಮುಳಬಾಗಿಲಿನ ಕಡೆ ಬೈರಕೂರಿಗೋ, ಮಾಲೂರಿನ ಕಡೆ ಟೇಕಲ್ಲಿಗೋ ಹೊರಟರೆ, ಹೆಣ್ಣುಮಕ್ಕಳು ಆಡುವ ಮೈದಾನ ಕಂಡಲ್ಲಿ ಜೀಪು ನಿಲ್ಲಲೇಬೇಕು. ಡ್ರೈವರ್ ನಂದೀಶ್ ಹೇಳಿಸಿಕೊಳ್ಳದೆಯೇ ಬ್ರೇಕ್ ಹಾಕುತ್ತಿದ್ದ. ಆಕೆ ಬಿಸಿಲಲ್ಲಿ ನಿಂತು "ಕಂಬದ ಕಡೆ ಓಡೇ!" ಎಂದು ಕೂಗಿ, ಗುರುತಿಲ್ಲದ ಹುಡುಗಿಯೊಬ್ಬಳು ಔಟಾದರೆ ತನ್ನ ಮಗಳೇ ಪರೀಕ್ಷೆಯಲ್ಲಿ ಫೇಲಾದಳೇನೋ ಎಂಬಂತೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಇಂಥವಳ ಕೈಯಿಂದಲೇ ಒಂದು ಮೈದಾನ ಹಾಳಾಯಿತು ಅಂದರೆ ಯಾರು ನಂಬುತ್ತಾರೆ? ಆದರೆ ನಡೆದದ್ದು ಹಾಗೆಯೇ.

ಅದು ಬೇರೆ ಯಾವುದೋ ಮೈದಾನವೂ ಅಲ್ಲ. ರಾಯಲ್ಪಾಡಿನ ಶಾಲೆಯ ಹಿಂದೆ ಇರುವ ಪಂಚಾಯ್ತಿ ಜಾಗ, ಅವಳೇ ಖೋಖೋ ಕಲಿತ ಜಾಗ. ಅವಳ ಅಬ್ಬಾ ಓಬೇದುಲ್ಲಾ ಮಾವಿನಹಣ್ಣು ತುಂಬುವ ಪೆಟ್ಟಿಗೆಗಳನ್ನು ಮಾಡುತ್ತಿದ್ದವರು. ಆಟಕ್ಕೆ ನೆಡುವ ಎರಡು ಕಂಬಗಳನ್ನು ಅವರೇ ನುಣ್ಣಗೆ ಹೆರೆದು ಕೊಟ್ಟಿದ್ದರು. "ಹೆಣ್ಣುಮಗಳು ಬೀದೀಲಿ ಓಡೋದಾ?" ಎಂದು ನೆಂಟರು ಮೂಗು ಮುರಿದಾಗ, "ಬೀದೀಲಿ ಅಲ್ಲ, ಮೈದಾನದಲ್ಲಿ" ಎಂದಷ್ಟೇ ಹೇಳಿ ಮೊಳೆ ಹೊಡೆಯುವುದನ್ನು ಮುಂದುವರಿಸಿದ್ದರು. ಜೊತೆಗಾತಿ ಮುನಿಶಾಮಮ್ಮ ಅವಳಿಗಿಂತ ಚುರುಕು. ಓದು ಕಹಕಶಾಳನ್ನು ಬೆಂಗಳೂರಿಗೆ ಎಳೆದುಕೊಂಡು ಹೋಯಿತು, ಮುನಿಶಾಮಮ್ಮ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ನಿಂತಳು. ಅಬ್ಬಾ ತೀರಿಕೊಂಡ ಮೇಲೆ ಕಹಕಶಾಗೆ ಊರಿನ ಸಂಪರ್ಕ ಸಡಿಲವಾಯಿತು.

ಮಾವಿನ ಹೂವಿನ ರಸ ಹೀರಿ ಫಸಲು ಕೆಡಿಸುವ ಜಿಗಿಹುಳುವನ್ನು ತಡೆದುಕೊಳ್ಳುವ ಕಸಿ ಸಸಿ ಬೆಳೆಸಬೇಕೆಂಬುದು ಆಕೆಯ ಬಹುದಿನದ ಕನಸು. ಅದಕ್ಕೆ ತೋಟಗಳಿಂದ ಸ್ವಲ್ಪ ದೂರವಿರುವ, ನೀರಿರುವ, ಮಟ್ಟಸವಾದ ಜಾಗ ಬೇಕಿತ್ತು. ಮೂರು ವರ್ಷದ ಹಿಂದೆ ಪಂಚಾಯ್ತಿ ಸದಸ್ಯ ಮುನಿಕೃಷ್ಣಪ್ಪ ತಾವಾಗಿಯೇ ಫೋನ್ ಮಾಡಿ, "ನಿಮ್ಮೂರಲ್ಲೇ ಜಾಗ ಐತೆ ಬನ್ನಿ ಮೇಡಂ" ಎಂದರು. ಜೂನ್ ಮೊದಲ ವಾರ ಹೋಗಿ ನೋಡಿದಳು. ಮೈದಾನದ ತುಂಬ ಮೊಣಕಾಲೆತ್ತರ ಹುಲ್ಲು. ಒಂದು ಕಾಲುದಾರಿ ಕೂಡ ಇಲ್ಲ. ಕಂಬಗಳೂ ಇರಲಿಲ್ಲ.

"ಇಲ್ಲಿ ಯಾರೂ ಆಡಲ್ವಾ?" ಎಂದು ಕೇಳಿದಳು. ಕೇಳಲಿಲ್ಲ ಅನ್ನುವಂತಿಲ್ಲ.

"ಈಗಿನ ಹುಡ್ಗೀರು ಎಲ್ಲಿ ಆಡ್ತಾರೆ ಮೇಡಂ? ಎಲ್ಲಾ ಮೊಬೈಲು" ಎಂದರು ಮುನಿಕೃಷ್ಣಪ್ಪ.

ಅವಳಿಗೆ ಸಂಕಟವಾಯಿತು. ಹಾಳು ಬಿದ್ದ ಜಾಗಕ್ಕೆ ಒಂದು ಒಳ್ಳೆಯ ಉಪಯೋಗವಾದರೂ ಆಗಲಿ ಎಂದುಕೊಂಡು ಮಣ್ಣಿನ ಮಾದರಿ ತೆಗೆದುಕೊಂಡಳು. ಜುಲೈ ಮುಗಿಯುವ ಹೊತ್ತಿಗೆ ಸುತ್ತ ಬೇಲಿ, ನಡುವೆ ಬಲೆ ಹೊದಿಸಿದ ದೊಡ್ಡ ನೆಟ್‌ಹೌಸ್, ಅದರೊಳಗೆ ಕಸಿ ಸಸಿಗಳ ಸಾಲು ಬಂದಿದ್ದವು.

ಆಗಸ್ಟ್‌ನಲ್ಲಿ ಒಂದು ಸಂಜೆ ಬೇಲಿಯಾಚೆ ಹುಡುಗಿಯರ ಗುಂಪು ನಿಂತಿತ್ತು. ಎಲ್ಲರ ಕಾಲೂ ಬರಿಗಾಲು, ದುಪಟ್ಟಾಗಳು ಸೊಂಟಕ್ಕೆ ಬಿಗಿದಿದ್ದವು. ಮುಂದೆ ಮುನಿಶಾಮಮ್ಮ. ಇಷ್ಟು ವರ್ಷದ ಮೇಲೆ ಕಂಡ ಗೆಳತಿಯನ್ನು ತಬ್ಬಿಕೊಳ್ಳಲು ಹೋದ ಕಹಕಶಾ ಅವಳ ಮುಖ ನೋಡಿ ಅಲ್ಲೇ ನಿಂತಳು.

"ಏಮೇ ಕಹಕಶಾ, ಇದೇನೇ ಮಾಡ್ದೆ? ಇವ್ರೆಲ್ಲಿ ಆಡ್ಬೇಕು?"

"ಯಾರೂ ಆಡಲ್ಲ ಅಂದ್ರು ಕಣೇ. ನಾನೇ ಬಂದು ನೋಡ್ದೆ. ಹುಲ್ಲು ಬೆಳೆದಿತ್ತು."

"ಯಾವಾಗ ಬಂದಿದ್ದೆ?"

"ಜೂನ್‌ನಲ್ಲಿ."

ಮುನಿಶಾಮಮ್ಮ ನಕ್ಕಳು. ಅದು ನಗುವಿನಂತೆ ಇರಲಿಲ್ಲ. "ಮಾವಿನ ಸುಗ್ಗೀಲಿ ಬಂದು ಮೈದಾನ ನೋಡಿದ್ಯಾ? ಸುಗ್ಗೀಲಿ ಈ ಊರ ಹುಡ್ಗೀರು ಎಲ್ಲಿರ್ತಾರೆ ಅಂತ ಬೇರೆಯೋರು ಕೇಳ್ಳಿ, ನೀನು ಕೇಳ್ತೀಯಾ? ನೀನೆಲ್ಲಿರ್ತಿದ್ದೆ ಆಗ?"

ಮಾವಿನ ಮಂಡಿಯಲ್ಲಿ. ಬೇಸಿಗೆ ರಜಾ ಶುರುವಾದ ದಿನದಿಂದ ಕೊನೆಯ ಲಾರಿ ಹೋಗುವವರೆಗೆ ಊರಿನ ಹೆಣ್ಣುಮಕ್ಕಳೆಲ್ಲ ಮಂಡಿಯಲ್ಲಿ ಕಾಯಿ ಆರಿಸುವವರೇ. ಕಹಕಶಾಳ ಬೆರಳುಗಳೂ ಮಾವಿನ ಸೊನೆ ತಾಗಿ ಸುಲಿದು ಹೋಗುತ್ತಿದ್ದವು. ಆಗ ಮೈದಾನದಲ್ಲಿ ಹುಲ್ಲು ಏಳುತ್ತಿತ್ತು. ಕದ್ದುಬಿಡುತ್ತಾರೆಂದು ಕಂಬಗಳನ್ನೂ ಕಿತ್ತು ಒಳಗಿಡುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಹುಡುಗಿಯರೇ ಕುಡುಗೋಲು ಹಿಡಿದು ಹುಲ್ಲು ಕೊಯ್ಯುವುದು, ಆಮೇಲೆ ಆಟ. ಹುಳು ಯಾವ ತಿಂಗಳಲ್ಲಿ ಎಲ್ಲಿರುತ್ತದೆಂದು ನಿದ್ದೆಯಲ್ಲೂ ಹೇಳಬಲ್ಲ ವಿಜ್ಞಾನಿಗೆ ತನ್ನೂರಿನ ಹುಡುಗಿಯರು ಯಾವ ತಿಂಗಳಲ್ಲಿ ಎಲ್ಲಿರುತ್ತಾರೆಂಬುದು ಮರೆತು ಹೋಗಿತ್ತು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಇಲ್ಲಿಗೆ ಇದು ಬರೀ ತಪ್ಪು. ತಿದ್ದಬಹುದಿತ್ತು. ಸಸಿಗಳು ಇನ್ನೂ ಬೇರು ಬಿಟ್ಟಿರಲಿಲ್ಲ. ಕಿತ್ತು ಬೇರೆಡೆ ಸಾಗಿಸಿದ್ದರೆ ಒಂದು ವರ್ಷದ ಕೆಲಸ ನಷ್ಟವಾಗುತ್ತಿತ್ತು, ಮೇಲಿನವರಿಂದ ಬೈಗುಳ ಬೀಳುತ್ತಿತ್ತು, ಅಷ್ಟೇ. ಕಹಕಶಾ ಸಸಿಗಳ ಕಡೆ ತಿರುಗಿ ನೋಡಿದಳು. ಆಮೇಲೆ ಹುಡುಗಿಯರನ್ನು ನೋಡಿದಳು.

"ಮೂರೇ ವರ್ಷ ಕಣೇ ಮುನಿಶಾಮಿ. ಆಮೇಲೆ ನಿಮ್ ಜಾಗ ನಿಮಗೇ. ನನ್ ಮಾತು."

ಮುನಿಶಾಮಮ್ಮನ ಹಿಂದೆ ನಿಂತಿದ್ದ ಎತ್ತರದ ಹುಡುಗಿಯೊಬ್ಬಳು ಸೊಂಟದ ದುಪಟ್ಟಾ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಆಯೇಷಾ ಅಂತ ಅವಳ ಹೆಸರು, ಎಂಟನೇ ಕ್ಲಾಸು, ಜಿಲ್ಲಾ ತಂಡಕ್ಕೆ ಆಡುವವಳು ಅಂತ ಆಮೇಲೆ ಗೊತ್ತಾಯಿತು.

ಮಾವಿನ ಮರದೊಡನೆ ಬದುಕುವವರಿಗೆ ಮೂರು ವರ್ಷ ಒಂದು ಲೆಕ್ಕವೇ ಅಲ್ಲ. ಗಿಡ ಇನ್ನೂ ಕೂಸು. ಎಂಟನೇ ಕ್ಲಾಸಿನ ಹುಡುಗಿಗೆ ಮೂರು ವರ್ಷ ಅಂದರೆ ಹೈಸ್ಕೂಲೇ ಮುಗಿದಂತೆ. ಈ ಸುಲಭದ ಕೂಡುವ ಲೆಕ್ಕ ಅಂದು ಕಹಕಶಾಗೆ ಹೊಳೆಯಲಿಲ್ಲ. ಅಥವಾ ಹೊಳೆದರೂ ಹೊಳೆಯದವಳಂತೆ ಇದ್ದಳೋ? ಈಗ ಅವಳು ದಿನವೂ ತನ್ನನ್ನೇ ಕೇಳಿಕೊಳ್ಳುವುದು ಇದನ್ನೇ.

ಮೂರು ವರ್ಷ ಕಳೆಯಿತು, ಸಸಿಗಳು ಗೆದ್ದವು. ರೈತರು ಬಂದು ಒಯ್ದರು, ಸಭೆಯಲ್ಲಿ ಶಾಲು ಹೊದಿಸಿದರು. ಪಂಚಾಯ್ತಿಯವರು ಆ ಜಾಗದಲ್ಲಿ ಗೋಡೌನ್ ಕಟ್ಟಲು ಹೊರಟಾಗ ಮಾತ್ರ ಕಹಕಶಾ ಹಳೆಯ ಆಟಗಾರ್ತಿಯಾಗಿ ಎದ್ದು ನಿಂತಳು. ಕಚೇರಿಯಿಂದ ಕಚೇರಿಗೆ ಅಲೆದು, ಜಗಳವಾಡಿ, ಕೊನೆಗೆ ಜಾಗ ಬಿಡಿಸಿದಳು. ಬೇಲಿ ಹೋಯಿತು, ನೆಟ್‌ಹೌಸ್ ಹೋಯಿತು. ನೆಲ ಮಟ್ಟ ಮಾಡಿಸಿ ಸುಣ್ಣದಲ್ಲಿ ಗೆರೆ ಎಳೆಸಿದಳು.

ಖುಷಿಯ ಸುದ್ದಿ ಹೇಳಲು ಮೊದಲು ಹೋದದ್ದು ಆಯೇಷಾಳ ಮನೆಗೆ. ಹುಡುಗಿ ಮಾವಿನ ತಿರುಳು ತೆಗೆಯುವ ಫ್ಯಾಕ್ಟರಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ಕುರ್ಚಿ ಹಾಕಿದಳು, ಟೀ ತಂದಳು.

"ಒಳ್ಳೇದಾಯ್ತು ಮೇಡಂ. ಚಿಕ್ಕೋರು ಆಡ್ಕೊಳ್ಳಲಿ."

"ನೀನೂ ಬಾರೇ. ಭಾನುವಾರ ರಜಾ ಅಲ್ವಾ?"

"ಈಗ ಓಡಿದ್ರೆ ಉಸ್ರು ಕಟ್ಟುತ್ತೆ ಮೇಡಂ" ಎಂದು ಹುಡುಗಿ ನಕ್ಕಳು. ಆ ನಗುವಿನಲ್ಲಿ ಕಹಿ ಹುಡುಕಿದರೂ ಸಿಗಲಿಲ್ಲ. ಒಂದಿಷ್ಟು ಬೈದಿದ್ದರೆ ಚೆನ್ನಾಗಿತ್ತು ಎಂದು ಕಹಕಶಾಗೆ ಅನಿಸಿತು.

ಮಾರನೆಯ ಸಂಜೆ ಮುನಿಶಾಮಮ್ಮ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಬಂದಳು. ಅಂದು ಬೇಲಿಯಾಚೆ ನಿಂತಿದ್ದವರಲ್ಲಿ ಒಬ್ಬಳೂ ಇರಲಿಲ್ಲ.

"ಇವ್ರಿಗೆ ಆಡಕ್ಕೆ ಬರುತ್ತೇನೇ?" ಕಹಕಶಾ ಮೆಲ್ಲಗೆ ಕೇಳಿದಳು.

"ಹೆಂಗೆ ಬರುತ್ತೆ? ನಾನೇನು ಎಲ್ರಿಗೂ ಕಲಿಸ್ತಿದ್ನಾ? ದೊಡ್ಡೋರನ್ನ ನೋಡಿ ಚಿಕ್ಕೋರು ಕಲೀತಿದ್ರು. ನಾವೂ ಹಂಗೇ ಕಲ್ತಿದ್ದು. ಈಗ ದೊಡ್ಡೋರು ಎಲ್ಲವ್ರೆ?" ಎಂದಳು ಮುನಿಶಾಮಮ್ಮ. ಮೊದಲಿನ ಸಿಟ್ಟು ಅವಳ ದನಿಯಲ್ಲಿ ಇರಲಿಲ್ಲ, ಸುಸ್ತಾಗಿದ್ದಳು.

"ನಾವಿಬ್ರೂ ಕಲಿಸೋಣ ಕಣೇ" ಎಂದು ಕಹಕಶಾ ಚಪ್ಪಲಿ ಬಿಟ್ಟು ಗೆರೆಯೊಳಗೆ ನಿಂತು ಹುಡುಗಿಯರನ್ನು ಕರೆದಳು. ಒಬ್ಬಳೂ ಬರಲಿಲ್ಲ. ಮೈದಾನದ ಅಂಚಿನಲ್ಲೇ ಸಾಲಾಗಿ ನಿಂತರು. ಕೊನೆಗೆ ಎರಡು ಜಡೆಯ ಪುಟ್ಟವಳೊಬ್ಬಳು ಧೈರ್ಯ ಮಾಡಿ ಕೇಳಿದಳು:

"ಮೇಡಂ, ಕಾಲು ಎಲ್ಲಿ ಅದ್ದಬೇಕು?"

ಕಹಕಶಾಗೆ ಮೊದಲು ಅರ್ಥವಾಗಲಿಲ್ಲ. ಹೊರಗಿನ ರೋಗ ಸಸಿಗೆ ಅಂಟಬಾರದೆಂದು ನೆಟ್‌ಹೌಸಿನ ಬಾಗಿಲಲ್ಲಿ ಔಷಧಿ ನೀರಿನ ತೊಟ್ಟಿ ಇಡಿಸಿದ್ದವಳು ಅವಳೇ. ಒಮ್ಮೆ ಟೀಚರ್ ಜೊತೆ ಸಸಿ ನೋಡಲು ಬಂದ ಈ ಮಕ್ಕಳಿಗೆ, ಕಾಲು ಅದ್ದದೆ ಯಾರೂ ಒಳಗೆ ಬರಬಾರದು ಎಂದು ಗದರಿಸಿದ್ದವಳೂ ಅವಳೇ. ಈ ಜಾಗದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅಷ್ಟೇ.

"ಏನೂ ಅದ್ದಬೇಕಾಗಿಲ್ಲ ಕಣಮ್ಮ, ನಿಮ್ದೇ ಜಾಗ ಇದು, ಬನ್ರೇ" ಎಂದಳು ಮುನಿಶಾಮಮ್ಮ.

ಹುಡುಗಿ ಅಲ್ಲಾಡಲಿಲ್ಲ. ಅಪ್ಪಣೆಗಾಗಿ ಕಹಕಶಾಳ ಮುಖವನ್ನೇ ನೋಡುತ್ತ ನಿಂತಿದ್ದಳು.